ಚಂದ್ರನ ಮೇಲೆ ಎರಡು ನಲ್ಲಿ

ಅಂದು ಬೆಳಗಾದದ್ದೇ ತಡ, ಸರ್ವಮಂಗಳೆಗೆ ಅಭಿನಂದನೆಗಳ ಕಾಟ ಶುರುವಾಯಿತು. ಹಾಲಿನವನು ಪ್ಯಾಕೆಟ್ ಕೊಡುತ್ತಾ ಹಲ್ಲುಬಿಟ್ಟು ನಕ್ಕ. ಎದುರುಮನೆಯ ನಿವೃತ್ತ ಮೇಷ್ಟ್ರು ಪೇಪರನ್ನು ಬಾವುಟದ ಹಾಗೆ ಎತ್ತಿ ಹಿಡಿದು ಗೇಟಿನ ಹತ್ತಿರ ನಿಂತು, "ಮೈಸೂರಿಗೇ ಹೆಮ್ಮೆ ಕಣಮ್ಮ ನೀನು" ಎಂದರು. ಗಂಡ ಗುರುಪಾದ ಅದೇ ಪೇಪರಿನ ಫೋಟೋ ತೆಗೆದು ತಾನಿದ್ದ ಗ್ರೂಪುಗಳಿಗೆಲ್ಲ ಹಾಕಿ, ಯಾರ್ಯಾರು ಹೆಬ್ಬೆರಳು ಎತ್ತಿದ್ದಾರೆಂದು ಗಳಿಗೆಗೊಮ್ಮೆ ನೋಡುತ್ತಿದ್ದ. ಮುಖಪುಟದಲ್ಲಿ ದಪ್ಪ ಅಕ್ಷರ: 'ಮೈಸೂರಿನ ಎರಡು ನಲ್ಲಿ, ಇಂದಿನಿಂದ ಚಂದ್ರನ ಕಾನೂನು?' ಪಕ್ಕದಲ್ಲಿ ಸರ್ವಮಂಗಳೆಯ ನಗುಮುಖ. ಅದರ ಮೇಲೆ ಕಣ್ಣು ಬಿದ್ದಾಗಲೆಲ್ಲ ಅವಳಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸುತ್ತಿತ್ತು.

ಹೆಮ್ಮೆಪಡಬೇಕಾದ ಹೆಂಗಸು ಹೀಗೆ ತಲೆತಗ್ಗಿಸಿಕೊಂಡು ಓಡಾಡುವುದಕ್ಕೆ ಕಾರಣವಿತ್ತು. ಅದಕ್ಕೆ ಮೊದಲು ಆ ನಲ್ಲಿಗಳ ವಿಷಯ ಹೇಳಬೇಕು.

ಚಂದ್ರ ಯಾರಪ್ಪನ ಆಸ್ತಿಯೂ ಅಲ್ಲ. ಇದನ್ನು ಹಿಂದಿನ ಶತಮಾನದಲ್ಲೇ ದೇಶಗಳೆಲ್ಲ ಕೂತು ಒಪ್ಪಂದ ಮಾಡಿ ಬರೆದಿಟ್ಟಿದ್ದವು. ಒಪ್ಪಂದದ ಭಾಷೆ ಗಂಭೀರ, ಸಾರ ಸರಳ: ಅಲ್ಲಿ ಯಾರೂ ಬೇಲಿ ಹಾಕುವ ಹಾಗಿಲ್ಲ, ಬಾಂಬು ಬಂದೂಕು ಇಡುವ ಹಾಗಿಲ್ಲ, ಯಾವ ತಾರತಮ್ಯವೂ ಇಲ್ಲದೆ ಎಲ್ಲರೂ ಹೋಗಬಹುದು, ಒಬ್ಬರ ನಿಲ್ದಾಣವನ್ನು ಇನ್ನೊಬ್ಬರು ಮೊದಲೇ ತಿಳಿಸಿ ಬಂದು ನೋಡಬಹುದು. ಇದನ್ನು ಬರೆದಾಗ ಚಂದ್ರನ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲವಾದ್ದರಿಂದ ಒಪ್ಪಿಕೊಳ್ಳಲು ಯಾರಿಗೂ ಕಷ್ಟವಾಗಲಿಲ್ಲ. ಈಗ ಅಲ್ಲಿ ದಕ್ಷಿಣ ಧ್ರುವದ ಸುತ್ತ ಏಳೆಂಟು ನಿಲ್ದಾಣಗಳಿವೆ. ಬಿಸಿಲು ಕಾಣದ ಕುಳಿಗಳಿಂದ ಹೆಪ್ಪುಗಟ್ಟಿದ ನೀರನ್ನು ಅಗೆದು ತರುವುದು ಹರಸಾಹಸ; ತಂದದ್ದನ್ನು ಮತ್ತೆ ಮತ್ತೆ ಬಳಸಲೇಬೇಕು. ಮೂತ್ರ, ಬೆವರು, ಉಸಿರಿನ ತೇವ ಎಲ್ಲವನ್ನೂ ಒಂದು ಯಂತ್ರ ಹೀರಿಕೊಂಡು, ಸೋಸಿ, ಕಾಯಿಸಿ, ತಿರುಗಿ ಕುಡಿಯುವ ನೀರು ಮಾಡಿ ಕೊಡುತ್ತದೆ. ಅಲ್ಲಿಯ ಕಾಫಿ ಎಲ್ಲಿಂದ ಬಂತು ಎಂದು ಯಾರೂ ಕೇಳಬಾರದು.

ನಮ್ಮ ದೇಶದ ನಿಲ್ದಾಣದಲ್ಲಿ ಈ ಯಂತ್ರ ಒಂದಲ್ಲ, ಎರಡು. ನಲ್ಲಿಯೂ ಎರಡು. ಇರುವ ನಾಲ್ವರಲ್ಲಿ ಇಬ್ಬರಿಗೆ 'ಎ' ನಲ್ಲಿ, ಇಬ್ಬರಿಗೆ 'ಬಿ' ನಲ್ಲಿ. ಒಂದರ ನೀರು ಇನ್ನೊಂದಕ್ಕೆ ಹೋಗುವ ಕೊಳವೆಯೇ ಇಲ್ಲ. ಮಣಿಕಟ್ಟಿನ ಪಟ್ಟಿಯನ್ನು ನಲ್ಲಿ ಗುರುತುಹಿಡಿದು, ತನ್ನವರಿಗೆ ಮಾತ್ರ ನೀರು ಬಿಡುತ್ತದೆ. ಒಂದು ಕಡೆ ರೋಗಾಣು ಸೇರಿಕೊಂಡರೆ ಇನ್ನೊಂದು ಕಡೆಯವರಾದರೂ ಬದುಕಿಕೊಳ್ಳಲಿ ಎನ್ನುವುದು ಉದ್ದೇಶ. ಕಾಗದದ ಮೇಲೆ ಹಾಗಂತ ಇತ್ತು. ಇದನ್ನು ರೂಪಿಸಿದವಳು ಹುಣಸೂರು ರಸ್ತೆಯ ನಿಯಂತ್ರಣ ಕೇಂದ್ರದ ಹಿರಿಯ ಎಂಜಿನಿಯರ್ ಸರ್ವಮಂಗಳೆ. ಇನ್ನು ಮುಂದೆ ಎಲ್ಲ ದೇಶಗಳ ನಿಲ್ದಾಣಗಳಲ್ಲೂ ಹೀಗೆಯೇ ಇರಬೇಕು ಎಂಬ ನಿಯಮಕ್ಕೆ ಅಂದು ಮಧ್ಯಾಹ್ನ ವಿಯೆನ್ನಾದಲ್ಲಿ ಚಂದ್ರ ನಿಲ್ದಾಣಗಳ ಮಂಡಳಿ ಒಪ್ಪಿಗೆ ಕೊಡುವುದರಲ್ಲಿತ್ತು.

"ಇದು ಎಂಥಾ ದೊಡ್ಡ ವಿಷಯ ಅಂತ ನಿಂಗೇ ಅರ್ಥ ಆಗ್ತಾ ಇಲ್ಲಮ್ಮ," ಎಂದಳು ಮಗಳು ಮೇದಿನಿ, ದೋಸೆ ಮುರಿಯುತ್ತಾ. ಅವಳು ಲಾ ಕಾಲೇಜಿನಲ್ಲಿ ಕೊನೆಯ ವರ್ಷ. ಮನೆಯಲ್ಲಿ ಉಪ್ಪು ಕೇಳಿದರೂ ಕಾನೂನಿನ ಮೂಲಕವೇ ಕೇಳುವವಳು. "ದೇಶ ದೇಶಗಳ ಮಧ್ಯೆ ಕಾನೂನು ಎಲ್ಲಾ ಬರವಣಿಗೇಲೇ ಹುಟ್ಟಲ್ಲ. ಒಬ್ರು ಮಾಡ್ತಾರೆ, ಇನ್ನೊಬ್ರು ನೋಡಿ ಮಾಡ್ತಾರೆ, ಯಾರೂ ಬೇಡ ಅನ್ನಲ್ಲ. ಹಾಗೇ ಸ್ವಲ್ಪ ವರ್ಷ ನಡೆದ್ರೆ ಅದೇ ರೂಢಿ, ಆಮೇಲೆ ಅದೇ ಕಾನೂನು. ನೀನು ಮಾಡಿದ್ದನ್ನ ನೋಡಿ ಉಳಿದೋರೆಲ್ಲ ಮಾಡ್ಕೊಂಡ್ರು. ಇವತ್ತು ಬರೆದು ಮೊಹರು ಒತ್ತುತ್ತಾರೆ ಅಷ್ಟೇ."

"ಇನ್ನೊಂದು ದೋಸೆ ಹಾಕ್ಲಾ?"

"ಅಮ್ಮಾ! ಅಪ್ಪಂಗೂ ನಂಗೂ ಇರೋ ಖುಷಿ ನಿಂಗಿಲ್ಲ ನೋಡು. ಮುಂದಿನ ವಾರ ನಮ್ಮ ಕಾಲೇಜಿಗೆ ಬಂದು ಮಾತಾಡ್ಬೇಕು ನೀನು. ಜಾಸ್ತಿ ಏನೂ ಬೇಡ, ಇದು ನಿಂಗೆ ಹೇಗೆ ಹೊಳೀತು ಅಂತ ಹೇಳು ಸಾಕು."

ಸರ್ವಮಂಗಳೆ ಅಡುಗೆಮನೆಗೆ ಹೋಗಿ, ಆರಿಸಿದ ಒಲೆಯ ಮುಂದೆ ನಿಂತುಕೊಂಡಳು. ಹೇಗೆ ಹೊಳೆಯಿತು ಎನ್ನುವುದೇ ಹೇಳಬಾರದ ಸಂಗತಿಯಾಗಿತ್ತು.

ಅದು ತರಬೇತಿಯ ಕಾಲದ ಮಾತು. ಕೇಂದ್ರದ ಹಿಂಭಾಗದ ಶೆಡ್ಡಿನಲ್ಲಿ ನಿಲ್ದಾಣದ ಮಾದರಿಯೊಂದನ್ನು ಕಟ್ಟಿ ನಾಲ್ವರನ್ನೂ ವಾರಗಟ್ಟಲೆ ಅದರೊಳಗೆ ಇರಿಸುತ್ತಿದ್ದರು. ಆಗ ಯಂತ್ರ ಒಂದೇ. ಮೊದಲ ಸಲ ಯಂತ್ರದಿಂದ ನೀರು ಬಂದ ದಿನ ನಾಲ್ಕು ಲೋಟ ತುಂಬಿ ಕೊಟ್ಟವಳು ಸರ್ವಮಂಗಳೆಯೇ. ಭೂವಿಜ್ಞಾನಿ ಡಾಕ್ಟರ್ ಮಾದೇವಿ ಗಟಗಟನೆ ಕುಡಿದು, "ನಮ್ಮೂರ ಬೋರ್‌ವೆಲ್ ನೀರ್ಗಿಂತ ವಾಸಿ ಕನಿ" ಎಂದು ಎಲ್ಲರನ್ನೂ ನಗಿಸಿದಳು. ಮಾದೇವಿ ಕೊಳ್ಳೇಗಾಲದ ಕಡೆಯವಳು, ಊರಾಚೆಯ ಕೇರಿಯಿಂದ ಓದಿ ಮೇಲೆ ಬಂದವಳು. ಪೈಲಟ್ ಇಮ್ತಿಯಾಜ್ ಮೂಗು ಹಿಡಿದುಕೊಂಡು ಕುಡಿದ. ತಂಡದ ವೈದ್ಯೆ ಕಣ್ಣು ಮುಚ್ಚಿಕೊಂಡು ಕುಡಿದಳು. ಕಮಾಂಡರ್ ವಿಶ್ವಂಭರ ಮಾತ್ರ ಲೋಟವನ್ನು ತುಟಿಯವರೆಗೆ ತಂದು, ಮಾದೇವಿಯ ಕಡೆಗೊಮ್ಮೆ ನೋಡಿ, ಮೆಲ್ಲಗೆ ಕೆಳಗಿಟ್ಟರು. "ಯಾಕೋ ಹೊಟ್ಟೆ ಸರಿಯಿಲ್ಲ" ಎಂದರು. ಆ ವಾರವಿಡೀ ಅವರ ಹೊಟ್ಟೆ ಸರಿಹೋಗಲಿಲ್ಲ. ಮನೆಯಿಂದ ತಂದ ಬಾಟಲಿಯ ನೀರನ್ನೇ ಕುಡಿದುಕೊಂಡಿದ್ದರು.

ವಿಶ್ವಂಭರ ಕೆಟ್ಟ ಮನುಷ್ಯರಲ್ಲ. ಆಗಿದ್ದರೆ ಎಷ್ಟೋ ಸುಲಭವಿತ್ತು, ಬೈದು ಕೈತೊಳೆದುಕೊಳ್ಳಬಹುದಿತ್ತು. ಮಾದೇವಿಗೆ ಒಮ್ಮೆ ಜ್ವರ ಬಂದಾಗ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರು. ಯಾರನ್ನೂ ಒಂದು ಮಾತು ಅಂದವರಲ್ಲ. ಆಗಲೂ ಅವರು ಏನೂ ಅನ್ನಲಿಲ್ಲ, ಏನನ್ನೂ ಕೇಳಲಿಲ್ಲ. ಕ್ಯಾಂಟೀನಿನಲ್ಲಿ ಯಾರೋ, "ಪಾಪ, ಅವರ ಮನೇಲಿ ಸ್ವಲ್ಪ ಮಡಿ ಜಾಸ್ತಿ" ಎಂದರು. ಇನ್ಯಾರೋ "ಹೌದೌದು" ಎಂದರು. ಅಷ್ಟಕ್ಕೆ ಮಾತು ಸಾಂಬಾರಿನ ಉಪ್ಪಿನ ಕಡೆಗೆ ತಿರುಗಿತು.

ಸುಮ್ಮನಿರಲಾಗದೆ ಹೋದದ್ದು ಸರ್ವಮಂಗಳೆಗೆ. ಸಂಸಾರದಲ್ಲಾಗಲಿ ಆಫೀಸಿನಲ್ಲಾಗಲಿ ಯಾರಿಗೂ ಬೇಜಾರಾಗದ ಹಾಗೆ ನಿಭಾಯಿಸುವುದರಲ್ಲಿ ಅವಳು ಎತ್ತಿದ ಕೈ. ವಿಶ್ವಂಭರರಿಗೂ ಮುಜುಗರವಾಗಬಾರದು, ಮಾದೇವಿಗೂ ತಿಳಿಯಬಾರದು, ಕೆಲಸವೂ ನಿಲ್ಲಬಾರದು. ಕೆಲವೇ ದಿನಗಳಲ್ಲಿ ಎರಡು ಯಂತ್ರಗಳ ನಕ್ಷೆ ಬರೆದು ನಿರ್ದೇಶಕ ಫಾಲಾಕ್ಷಯ್ಯನವರ ಮೇಜಿನ ಮೇಲಿಟ್ಟು, "ಸುರಕ್ಷತೆ ದೃಷ್ಟಿಯಿಂದ ಸರ್" ಎಂದಳು. ಅವರು ನಕ್ಷೆ ನೋಡಿದರು, ಅವಳ ಮುಖ ನೋಡಿದರು, "ಒಳ್ಳೆ ಯೋಚನೆ ಮಂಗಳಾ" ಎಂದರು. ನಿಜ ಏನೆಂದು ಇಬ್ಬರಿಗೂ ಗೊತ್ತಿತ್ತು; ಇನ್ನೊಬ್ಬರಿಗೆ ಗೊತ್ತಿದೆ ಎನ್ನುವುದೂ ಇಬ್ಬರಿಗೂ ಗೊತ್ತಿತ್ತು. ಎ ನಲ್ಲಿಗೆ ವಿಶ್ವಂಭರ ಮತ್ತು ವೈದ್ಯೆ, ಬಿ ನಲ್ಲಿಗೆ ಮಾದೇವಿ ಮತ್ತು ಇಮ್ತಿಯಾಜ್ ಎಂದು ಹಂಚಿಕೆಯಾಯಿತು. ಆ ಹಂಚಿಕೆ ನೋಡಿ ಇಡೀ ಕೇಂದ್ರದಲ್ಲಿ ಒಬ್ಬರೂ ಹುಬ್ಬೇರಿಸಲಿಲ್ಲ.

ಇದರಲ್ಲಿ ಇನ್ನೂ ಒಂದು ನಗೆಪಾಟಲಿನ ಸಂಗತಿಯಿತ್ತು. ಯಂತ್ರಕ್ಕೆ ಸಿಗುವ ನೀರಿನಲ್ಲಿ ದೊಡ್ಡ ಪಾಲು ಬರುವುದು ಒಳಗಿನ ಗಾಳಿಯ ತೇವದಿಂದ, ಅಂದರೆ ಎಲ್ಲರ ಉಸಿರಿನಿಂದ, ಬೆವರಿನಿಂದ. ನಾಲ್ವರೂ ಉಸಿರಾಡುವುದು ಒಂದೇ ಗಾಳಿ. ಆ ತೇವವೆಲ್ಲ ಒಂದೇ ತೊಟ್ಟಿಗೆ ಇಳಿದು ಅಲ್ಲಿಂದ ಎರಡೂ ಯಂತ್ರಗಳಿಗೆ ಹಂಚಿಹೋಗುತ್ತಿತ್ತು. ಉಸಿರನ್ನು ಜಾತಿ ನೋಡಿ ಬೇರೆ ಮಾಡುವ ಯಂತ್ರ ಸರ್ವಮಂಗಳೆಗೂ ಗೊತ್ತಿರಲಿಲ್ಲ. ವಿಶ್ವಂಭರರ ಲೋಟದಲ್ಲಿ ಮಾದೇವಿಯ ಉಸಿರು ಹೇಗೂ ಇದ್ದೇ ಇತ್ತು. ರೋಗ ತಡೆಯುವುದಕ್ಕೂ ಆ ಏರ್ಪಾಡು ಉಪಯೋಗವಿಲ್ಲ, ಮಡಿಗೂ ಉಪಯೋಗವಿಲ್ಲ. ಕಣ್ಣಿಗೆ ಎರಡು ನಲ್ಲಿ ಕಾಣುತ್ತಿತ್ತು, ಬೇಕಾಗಿದ್ದದ್ದು ಅಷ್ಟೇ. ಹೈಸ್ಕೂಲಿನಲ್ಲಿ 'ಮನುಷ್ಯರೆಲ್ಲ ಒಂದೇ' ಎಂದು ಭಾಷಣ ಮಾಡಿ ಬಹುಮಾನ ಗೆದ್ದ ಹುಡುಗಿ ದೊಡ್ಡವಳಾಗಿ ಮಾಡಿದ್ದು ಇದು.

ವಿಷಯ ಅಲ್ಲಿಗೇ ನಿಂತಿದ್ದರೆ ಮುಚ್ಚಿಹೋಗುತ್ತಿತ್ತೋ ಏನೋ. ಆದರೆ ಒಪ್ಪಂದದ ಪ್ರಕಾರ ನೆರೆಯ ನಿಲ್ದಾಣದಿಂದ ವಾಂಜಿರು ಎಂಬ ಕೆನ್ಯಾದ ಪರಿವೀಕ್ಷಕಿ ನೋಡಲು ಬಂದಳು. ಎರಡು ನಲ್ಲಿ ಯಾಕೆ ಎಂದು ಕೇಳಿದಳು. ವಿಶ್ವಂಭರ "ಸುರಕ್ಷತೆಗೆ" ಎಂದರು. ಆಕೆ ನಂಬಿ ಹೊಗಳಿ ವರದಿ ಬರೆದಳು. ಅದೇ ವರ್ಷ ಬೇರೊಂದು ನಿಲ್ದಾಣದಲ್ಲಿ ಇದ್ದ ಒಂದೇ ಯಂತ್ರ ಕೈಕೊಟ್ಟು, ಅಲ್ಲಿಯವರು ಬದುಕಿದೆಯಾ ಬಡಜೀವವೇ ಎಂದು ಭೂಮಿಗೆ ಓಡಿಬಂದರು. ಅಂದಿನಿಂದ ಎಲ್ಲರ ಬಾಯಲ್ಲೂ ಮೈಸೂರಿನ ಎರಡು ನಲ್ಲಿ. ಎರಡು ಯಂತ್ರ ಇಟ್ಟುಕೊಳ್ಳುವುದು ಜಾಣತನವೇ, ಒಂದು ಕೆಟ್ಟರೆ ಇನ್ನೊಂದರಿಂದ ಎಲ್ಲರೂ ಕುಡಿಯಬಹುದು. ಆದರೆ ಸರ್ವಮಂಗಳೆ ಮಾಡಿದ್ದು ಎಲ್ಲರೂ ಕುಡಿಯಲಾಗದ ಹಾಗೆ. ಬೇರೆ ದೇಶಗಳು ಅದನ್ನೂ ಬಿಡದೆ, ಮಣಿಕಟ್ಟಿನ ಪಟ್ಟಿ ಸಮೇತ ಇದ್ದದ್ದು ಇದ್ದಂತೆಯೇ ನಕಲು ಮಾಡಿಕೊಂಡವು. ಅವಳಿಗೆ ಪ್ರಶಸ್ತಿ ಬಂತು, ಬಡ್ತಿ ಬಂತು. ಬೇಡ ಎನ್ನಲು ಕಾರಣ ಹೇಳಬೇಕಿತ್ತು. ಅದಕ್ಕೇ ಬೇಡ ಎನ್ನಲಿಲ್ಲ.

ಕೇಂದ್ರಕ್ಕೆ ಹೋದರೆ ಅಲ್ಲಿ ಹಾರ ತಯಾರಾಗಿತ್ತು. ಫಾಲಾಕ್ಷಯ್ಯ ಹೊಸ ಕೋಟು ಹಾಕಿಕೊಂಡು ಮದುವೆ ಮನೆಯ ಯಜಮಾನರಂತೆ ಓಡಾಡುತ್ತಿದ್ದರು. ದೊಡ್ಡ ಪರದೆಯ ಮೇಲೆ ವಿಯೆನ್ನಾದ ಖಾಲಿ ಸಭಾಂಗಣ ಕಾಣುತ್ತಿತ್ತು. ಊಟ ಮುಗಿಸಿ ಎಲ್ಲರೂ ಜಾಗಕ್ಕೆ ಬರುವ ಹೊತ್ತಿಗೆ ನೀರಿನ ವಿಭಾಗದ ಮೇಜಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು. ಬಿ ಯಂತ್ರದಲ್ಲಿ ನೀರು ಸೋಸುವ ಪದರ ಹರಿದಿತ್ತು. ಎರಡನೆಯ ಸರದಿಗೆ ಮೇಲೆ ಹೋಗಿದ್ದ ಅದೇ ತಂಡದ ಬಿ ನಲ್ಲಿ ನಿಂತುಹೋಯಿತು.

ಎ ನಲ್ಲಿಯಲ್ಲಿ ಬೇಕಾದಷ್ಟು ನೀರಿತ್ತು. ಸರ್ವಮಂಗಳೆ ತನ್ನ ಕೀಲಿಮಣೆಯಿಂದ ಒಂದು ಆದೇಶ ಕಳಿಸಿದರೆ ಅದು ಮಣಿಕಟ್ಟಿನ ಪಟ್ಟಿ ನೋಡುವುದನ್ನು ಬಿಟ್ಟು ನಾಲ್ವರಿಗೂ ತೆರೆದುಕೊಳ್ಳುತ್ತಿತ್ತು. ಅವಳ ಕೈ ತಾನಾಗಿಯೇ ಅತ್ತ ಹೋಯಿತು.

"ಏನ್ ಮಾಡ್ತಿದೀಯ ಮಂಗಳಾ?" ಫಾಲಾಕ್ಷಯ್ಯ ಹಿಂದೆಯೇ ನಿಂತಿದ್ದರು. "ಎರಡೂ ಕಡೆ ಯಾವ ಕಾರಣಕ್ಕೂ ಬೆರೆಯಲ್ಲ ಅಂತ ಅಲ್ಲಿ ಇನ್ನೇನು ಹೇಳೋದ್ರಲ್ಲಿದೀವಿ. ಇಲ್ಲಿ ನೀನೇ ಬೆರೆಸಿದ್ರೆ ದಾಖಲೆಗೆ ಹೋಗತ್ತೆ, ಮಾನ ಹೋಗತ್ತೆ. ಪ್ಯಾಕೆಟ್ ನೀರು ಇಟ್ಟಿದೀವಲ್ಲ. ಒಂದ್ ಸ್ವಲ್ಪ ಹೊತ್ತು ಅಡ್ಜಸ್ಟ್ ಮಾಡ್ಕೊಳ್ಳಲಿ ಬಿಡು."

ಅಡ್ಜಸ್ಟ್ ಮಾಡಿಕೊಳ್ಳುವುದು ಎನ್ನುವುದು ಇಷ್ಟು ವರ್ಷ ಅವಳದೇ ಮಾತಾಗಿತ್ತು. ಇನ್ನೊಬ್ಬರ ಬಾಯಲ್ಲಿ ಅದನ್ನು ಕೇಳಿದಾಗ ಮೈಯೆಲ್ಲ ಮುಳ್ಳೆದ್ದಿತು. ಆದರೂ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಅಷ್ಟರಲ್ಲಿ ಕಿವಿಯ ಫೋನಿನಲ್ಲಿ ಮಾದೇವಿಯ ದನಿ ಬಂತು. ಚಂದ್ರನಿಂದ ಮಾತು ಬರಲು, ಇಲ್ಲಿಯದು ಹೋಗಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ಪ್ರತಿ ಮಾತಿನ ನಡುವೆಯೂ ಒಂದು ಸಣ್ಣ ಮೌನ ಬಂದು ಕೂರುತ್ತಿತ್ತು.

"ಮೇಡಂ, ನಮ್ ನಲ್ಲಿ ನಿಂತೋಯ್ತು."

"ಗೊತ್ತಾಯ್ತು ಮಾದೇವಿ. ಪದರ ಬದಲಾಯಿಸ್ಬೇಕು. ಅಲ್ಲೀವರೆಗೂ ಪ್ಯಾಕೆಟ್ ನೀರು..."

"ಅದನ್ನೇ ಕುಡೀತಾ ಇವ್ನಿ. ಕಮಾಂಡರ್ ಸಾರು ಪಾಪ, ತಾವೇ ಎ ನಲ್ಲೀಲಿ ಒಂದು ಲೋಟ ಹಿಡ್ದು ತಂದ್ಕೊಟ್ರು. ಕೊಡಕೆ ಅವ್ರಿಗೆ ಯಾವತ್ತೂ ಕಷ್ಟ ಇಲ್ಲ. ನಮ್ದ ತಗಳದು ಮಾತ್ರ ಆಗದು. ನಾನು ಬ್ಯಾಡ ಅಂದ್ಬುಟ್ಟೆ."

"ಇಲ್ಲ ಮಾದೇವಿ, ಅದು ಸುರಕ್ಷತೆಗೆ ಅಂತ..."

ಮೌನ ಬಂದು ಕೂತು ಎದ್ದುಹೋಯಿತು.

"ಬುಡಿ ಮೇಡಂ. ಅವತ್ತು ಶೆಡ್ಡಲ್ಲಿ ನೀವು ಲೋಟ ತುಂಬಿ ಕೊಟ್ರಲ್ಲ, ಅವತ್ತೇ ಗೊತ್ತಾಯ್ತು ನಂಗೆ. ನಮ್ ತಾತಂಗೆ ಹೋಟ್ಲಲ್ಲಿ ತೆಂಗಿನ ಚಿಪ್ಪಲ್ಲಿ ಟೀ ಹುಯ್ತಿದ್ರಂತೆ. ಅದ ಕೇಳ್ಕಂಡು ಬೆಳೆದೋಳಿಗೆ ಇದು ತಿಳಿಯಲ್ವ? ತಿಳಿದೂ ಸುಮ್ನಿದ್ದೆ. ಬಾಯಿ ಬುಟ್ಟಿದ್ರೆ ನನ್ ಬದ್ಲು ಇನ್ಯಾರನ್ನೋ ಕಳಿಸೋರು. ನಂಗೂ ನಾಚ್ಕೆ ಅದೆ ಮೇಡಂ, ನಿಮಗೊಬ್ರಿಗೇ ಅಂದ್ಕಬ್ಯಾಡಿ."

"ನನ್ನಿಂದ ತಪ್ಪಾಯ್ತು" ಎಂದಳು ಸರ್ವಮಂಗಳೆ. ಪಕ್ಕದವರಿಗೆ ಕೇಳಿಸೀತೆಂದು ಆ ಮಾತನ್ನೂ ಪಿಸುದನಿಯಲ್ಲೇ ಹೇಳಿದ್ದಳು.

"ತಪ್ಪು ಗಿಪ್ಪು ಆಮೇಲೆ. ಒಂದು ಮಾತು ಕೇಳಿ. ನಮ್ಮೂರಲ್ಲಿ ಇದು ಬರೀ ರೂಢಿ. ಕಾನೂನು ನಮ್ ಕಡೆ ಇತ್ತು. ನಮ್ಮಪ್ಪ ಹೋಟ್ಲೋನ ಮ್ಯಾಲೆ ಕಂಪ್ಲೇಂಟ್ ಕೊಡಕೆ ಹೋದಾಗ ಕೈಲಿ ಹಿಡ್ಕಳಕೆ ಅದೊಂದಾದ್ರೂ ಇತ್ತು. ಈಗ ನೀವೆಲ್ಲ ಸೇರ್ಕಂಡು ಆ ಚಿಪ್ಪನ್ನೇ ಕಾನೂನು ಮಾಡ್ತಾ ಇದ್ದೀರಿ. ಆಮೇಲೆ ನಾವು ಯಾರತ್ರ ಕಂಪ್ಲೇಂಟ್ ಕೊಡನ? ಇವತ್ತು ಅಲ್ಲಿ ನಿಮ್ಮನ್ನ ಕೇಳ್ತಾರೆ. ಯಾಕ್ ಮಾಡುದ್ರಿ ಅನ್ನೋದ ಇದ್ದದ್ದು ಇದ್ದಂಗೆ ಹೇಳ್ಬುಡಿ. ಅಷ್ಟು ಮಾಡಿ ಸಾಕು."

"ಹೇಳ್ತೀನಿ ಮಾದೇವಿ. ಖಂಡಿತ ಹೇಳ್ತೀನಿ."

ಆಗ ಅವಳು ನಿಜವಾಗಿಯೂ ಹೇಳಬೇಕೆಂದೇ ಇದ್ದಳು. ಹೇಳಿದರೆ ಸಾಕಿತ್ತು ಕೂಡ. ಆ ಮಂಡಳಿಯಲ್ಲಿ ಮತ ಎಣಿಸುವ ಪದ್ಧತಿಯಿಲ್ಲ. ಯಾವುದೇ ಒಂದು ದೇಶ ಬೇಡವೆಂದರೂ ನಿಯಮ ಬಿದ್ದುಹೋಗುತ್ತದೆ. ನಿಜ ತಿಳಿದ ಮೇಲೆ ಅಷ್ಟು ದೇಶಗಳಲ್ಲಿ ಒಂದಾದರೂ ಕೈಯೆತ್ತದೆ ಇದ್ದೀತೇ?

ಸಭೆ ಶುರುವಾಯಿತು. ನಮ್ಮ ದೇಶದ ಪ್ರತಿನಿಧಿ ಸೊಗಸಾಗಿ ಮಾತಾಡಿದರು. ಬಳಿಕ ಅಧ್ಯಕ್ಷರು, ಎಂಜಿನಿಯರಿಗೆ ಪ್ರಶ್ನೆಗಳಿದ್ದರೆ ಕೇಳಿ ಎಂದರು. ಮೈಸೂರಿನ ಪರದೆಯ ಮೇಲೆ ವಾಂಜಿರು ಕಾಣಿಸಿಕೊಂಡಳು. ಆಕೆ ಯಾವ ದೇಶದ ಪರವಾಗಿಯೂ ಬಂದವಳಲ್ಲ, ತಜ್ಞರ ಸಾಲಿನಲ್ಲಿ ಕೂತಿದ್ದಳು.

"ನಿಮ್ಮ ನಿಲ್ದಾಣವನ್ನು ನಾನೇ ನೋಡಿ ಹೊಗಳಿದ್ದೆ. ಅಂದು ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ. ರೋಗಾಣು ಹರಡಬಾರದೆಂದು ಎರಡು ನಲ್ಲಿ ಎನ್ನುತ್ತೀರಿ. ಆದರೆ ಎಲ್ಲರ ಉಸಿರಿನ ನೀರೂ ಒಂದೇ ತೊಟ್ಟಿಗೆ ಬಂದು ಎರಡೂ ಕಡೆಗೆ ಹೋಗುತ್ತದಲ್ಲ. ಹಾಗಿದ್ದರೆ ನೀವು ಯಾವುದರಿಂದ ಯಾವುದನ್ನು ಬೇರೆ ಮಾಡಿದ್ದೀರಿ?"

ಸರ್ವಮಂಗಳೆಯ ಮುಂದಿನ ಮೈಕಿನ ದೀಪ ಹಸಿರಾಯಿತು. ಹೇಳಬೇಕಾದ ಮಾತನ್ನು ಆಗಲೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದಳು. ನಮ್ಮ ಕಮಾಂಡರು ಮಾದೇವಿಯ ಜೊತೆ ಒಂದೇ ನೀರು ಕುಡಿಯಲಿಲ್ಲ, ಅದಕ್ಕೆ ಹೀಗೆ ಮಾಡಿದೆ. ಅಷ್ಟೇ ಮಾತು. ಎದುರಿಗೆ ಅಷ್ಟು ದೇಶಗಳ ಮುಖಗಳು, ಪಕ್ಕದಲ್ಲಿ ಫಾಲಾಕ್ಷಯ್ಯನವರ ಹೊಸ ಕೋಟು, ಮನೆಯಲ್ಲಿ ಟೀವಿ ಮುಂದೆ ಗಂಡ ಮತ್ತು ಮಗಳು.

"ಅದು ರೋಗಾಣುವಿಗಾಗಿ ಮಾಡಿದ್ದಲ್ಲ" ಎಂದಳು ಇಂಗ್ಲಿಷಿನಲ್ಲಿ. ಸಭೆ ಮಿಸುಕಾಡಿತು. ಫಾಲಾಕ್ಷಯ್ಯ ಕುರ್ಚಿಯ ಕೈ ಹಿಡಿದುಕೊಂಡರು. ಇನ್ನೊಂದೇ ವಾಕ್ಯ ಬಾಕಿಯಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ. "ತಂಡದ ಸದಸ್ಯರ ನಡುವಿನ ಕೆಲವು ಸಾಮಾಜಿಕ ಸೂಕ್ಷ್ಮತೆಗಳನ್ನು ಗಮನದಲ್ಲಿಟ್ಟುಕೊಂಡು, ಸಾಮರಸ್ಯ ಕಾಪಾಡುವ ದೃಷ್ಟಿಯಿಂದ ಈ ವ್ಯವಸ್ಥೆ ಮಾಡಲಾಯಿತು." ಇಸ್ತ್ರಿ ಮಾಡಿ ಮಡಿಸಿಟ್ಟಂಥ ಮಾತುಗಳು ಒಂದರ ಹಿಂದೊಂದು ತಾವಾಗಿಯೇ ಬಂದುಬಿಟ್ಟವು. ಹೇಳಿ ಮುಗಿಸಿದವಳು, ಹೇಳಿಯೇಬಿಟ್ಟೆನಲ್ಲ ಎಂದುಕೊಂಡು ಗದ್ದಲಕ್ಕಾಗಿ ಕಾದಳು.

ಗದ್ದಲ ಏಳಲಿಲ್ಲ. ನಿಜ ಹೇಳಬೇಕೆಂದರೆ ಸಭೆಗೆ ನಿರಾಳವಾಯಿತು. ಒಂದು ಶ್ರೀಮಂತ ದೇಶದ ಪ್ರತಿನಿಧಿ ಮುಗುಳ್ನಗುತ್ತಾ ಮೈಕಿನ ಹತ್ತಿರ ಬಾಗಿದ. "ಯಾರಾದರೂ ಇದನ್ನು ಹೇಳಲಿ ಎಂದು ಕಾಯುತ್ತಿದ್ದೆವು. ನಮ್ಮ ನಿಲ್ದಾಣಕ್ಕೆ ಪ್ರವಾಸಿಗಳು ಬರುತ್ತಾರೆ, ಮಂಜುಗಡ್ಡೆ ಅಗೆಯುವ ಕೆಲಸದವರೂ ಇರುತ್ತಾರೆ. ಕೆಲಸದವರ ಬೆವರಿನ ನೀರನ್ನು ಕುಡಿಯಲು ಪ್ರವಾಸಿಗಳಿಗೆ ಸಂಕೋಚ, ಸಹಜವೇ." ಇನ್ನೊಬ್ಬ ತಲೆಯಾಡಿಸಿ, ತಮ್ಮಲ್ಲೂ ಗುತ್ತಿಗೆಯವರದು ಇದೇ ತೊಂದರೆ ಎಂದ. ಮೂರನೆಯವನು ನಿಯಮಕ್ಕೆ ಒಂದು ಸಾಲು ಸೇರಿಸೋಣವೆಂದ: ಯಾರಿಗೆ ಯಾವ ನಲ್ಲಿ ಎನ್ನುವುದನ್ನು ಆಯಾ ನಿಲ್ದಾಣದವರು ತಮ್ಮ ಸಾಮಾಜಿಕ ಸೂಕ್ಷ್ಮತೆಗಳಿಗೆ ಅನುಗುಣವಾಗಿ ತೀರ್ಮಾನಿಸಬಹುದು. ಸರ್ವಮಂಗಳೆಯ ಮಾತನ್ನೇ ಎತ್ತಿಕೊಂಡು ಅಲ್ಲಿಟ್ಟಿದ್ದ.

"ಯಾರ ಸೂಕ್ಷ್ಮತೆ?" ವಾಂಜಿರು ದನಿ ಏರಿಸಿದಳು. "ಅಲ್ಲಿ ಯಾರು ಯಾರ ನೀರನ್ನು ಕುಡಿಯುವುದಿಲ್ಲ? ಸ್ಪಷ್ಟವಾಗಿ ಹೇಳಲಿ."

ತಜ್ಞರ ಸಮಯ ಮುಗಿಯಿತು ಎಂದರು ಅಧ್ಯಕ್ಷರು. ಆದರೂ ಸೌಜನ್ಯಕ್ಕೆ ಸರ್ವಮಂಗಳೆಯ ಕಡೆ ತಿರುಗಿ, "ಏನಾದರೂ ಸೇರಿಸುವುದಿದೆಯೇ?" ಎಂದು ಕೇಳಿದರು. ಮೈಕಿನ ದೀಪ ಇನ್ನೂ ಹಸಿರಾಗಿತ್ತು.

"ಇಲ್ಲ, ಧನ್ಯವಾದಗಳು" ಎಂದಳು ಸರ್ವಮಂಗಳೆ.

ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಅಧ್ಯಕ್ಷರು ಕೇಳಿದರು. ಒಂದು ಕೈಯೂ ಮೇಲೇಳಲಿಲ್ಲ. ಸುತ್ತಿಗೆ ಬಡಿಯಿತು. ನಿಯಮ ಆ ಕ್ಷಣದಿಂದಲೇ ಜಾರಿ.

ನಿಯಂತ್ರಣ ಕೊಠಡಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಯಾರೋ ಅವಳ ಕೊರಳಿಗೆ ಹಾರ ಹಾಕಿದರು. ಹಾರ ಹಾಕಿಕೊಂಡೇ ಅವಳು ಕೀಲಿಮಣೆಯ ಹತ್ತಿರ ಓಡಿದಳು. ಈಗಲಾದರೂ ಎ ನಲ್ಲಿ ತೆರೆಯೋಣ, ಅಷ್ಟಾದರೂ ಮಾಡೋಣ. ಫಾಲಾಕ್ಷಯ್ಯ ಅವಳ ಕೈ ಹಿಡಿದುಕೊಂಡರು. ಸಿಟ್ಟಿನಿಂದೇನಲ್ಲ, ಮಗಳಿಗೆ ಹೇಳುವ ಹಾಗೆ ಹೇಳಿದರು: "ಇನ್ಮೇಲೆ ಅದನ್ನ ಮುಟ್ಟೋ ಹಾಗಿಲ್ಲ ಕಣಮ್ಮ. ವಿಯೆನ್ನಾಕ್ಕೆ ತಿಳಿಸ್ಬೇಕು, ಅವರು ಒಪ್ಬೇಕು. ಈಗ ಅದು ಕಾನೂನು."

ಸಂಜೆಯ ಹೊತ್ತಿಗೆ ಮಾದೇವಿ ಮತ್ತು ಇಮ್ತಿಯಾಜ್ ತಾವೇ ಪದರ ಬದಲಾಯಿಸಿ ಯಂತ್ರ ಸರಿಮಾಡಿಕೊಂಡರು. "ಬಿ ನಲ್ಲಿ ಸರಿಹೋಗಿದೆ, ಕಂಟ್ರೋಲ್" ಎಂದಳು ಮಾದೇವಿ. ಇಷ್ಟು ದಿನ ಮೇಡಂ ಎನ್ನುತ್ತಿದ್ದವಳು. ಸರ್ವಮಂಗಳೆ "ಮಾದೇವಿ, ನಾನು..." ಎಂದು ಶುರುಮಾಡಿ ಕಾದಳು. ಮಾತು ಅಲ್ಲಿಗೆ ಹೋಗಿ ತಿರುಗಿ ಬರಬೇಕಾದ ಹೊತ್ತು ಕಳೆದರೂ ಆ ಕಡೆಯಿಂದ ಏನೂ ಬರಲಿಲ್ಲ.

ಮನೆಗೆ ಬಂದರೆ ಗುರುಪಾದ ಮೈಸೂರು ಪಾಕಿನ ಡಬ್ಬಿ ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋಗಿದ್ದ. ಟೀವಿ ಆರಿತ್ತು. ಮೇದಿನಿ ಅದರ ಮುಂದೆಯೇ ನೆಲದ ಮೇಲೆ ಕಾಲು ಮಡಚಿ ಕೂತಿದ್ದಳು. ಅಮ್ಮ ಚಪ್ಪಲಿ ಬಿಡುವವರೆಗೂ ಕಾಯಲಿಲ್ಲ.

"ಅಮ್ಮ, ಸಾಮಾಜಿಕ ಸೂಕ್ಷ್ಮತೆ ಅಂದ್ಯಲ್ಲ, ಹಾಗಂದ್ರೇನು? ಯಾರು ಯಾರ ನೀರು ಕುಡಿಯಲ್ಲ ಅಂತ ಅವರು ಕೇಳಿದ್ರು. ನೀನು ಹೇಳ್ಲೇ ಇಲ್ಲ."

ಸರ್ವಮಂಗಳೆ ಸೋಫಾದ ಅಂಚಿನಲ್ಲಿ ಕೂತಳು. ಸಭೆಯಲ್ಲಿ ಅಷ್ಟು ಸುಲಭವಾಗಿ ಒದಗಿಬಂದ ಮಾತುಗಳು ಮಗಳ ಎದುರಿಗೆ ಒಂದೂ ಒದಗಲಿಲ್ಲ. "ನಮ್ಮ ಕಮಾಂಡರು ಮಾದೇವಿ ಜೊತೆ ಒಂದೇ ನೀರು ಕುಡೀಲಿಲ್ಲ ಕಣೇ. ಅವಳು ಕೇರಿಯೋಳು ಅಂತ. ಅವರು ನನ್ನ ಕೇಳ್ಲೂ ಇಲ್ಲ. ನಾನಾಗೇ ಮಾಡ್ಕೊಟ್ಟೆ. ಇಡೀ ದಿನ ಹೇಳ್ತೀನಿ ಹೇಳ್ತೀನಿ ಅನ್ಕೊಂಡು ಕೊನೆಗೆ ಹೇಳ್ಲಿಲ್ಲ."

ಹೇಳಿ ತಲೆತಗ್ಗಿಸಿದಳು. ಮಗಳು ಕೂಗಾಡಲಿ, ಥೂ ಎನ್ನಲಿ, ಎದ್ದುಹೋಗಿ ಬಾಗಿಲು ಬಡಿದುಕೊಳ್ಳಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು. ಯಾರಾದರೊಬ್ಬರು ಬೈದರೆ ಸಾಕಾಗಿತ್ತು. ಮೇದಿನಿ ಬೈಯಲಿಲ್ಲ. ಅವಳ ಕಿವಿ, ಕೆನ್ನೆ ನಿಧಾನವಾಗಿ ಕೆಂಪಾದವು.

"ಹೊರಡೋ ಮುಂಚೆ ತಂಡದೋರ್ನೆಲ್ಲ ನಮ್ಮನೆಗೆ ಊಟಕ್ಕೆ ಕರೆದಿದ್ಯಲ್ಲ," ಎಂದಳು ಕೊನೆಗೆ. "ಊಟ ಆದ್ಮೇಲೆ ಕಾಫಿ ಕೊಟ್ವಲ್ಲ. ಎಲ್ರಿಗೂ ಸ್ಟೀಲ್ ಲೋಟ. ಮಾದೇವಿ ಮೇಡಂಗೆ ಮಾತ್ರ ಪೇಪರ್ ಕಪ್ಪು."

ಸರ್ವಮಂಗಳೆಗೆ ಅದು ನೆನಪೇ ಇರಲಿಲ್ಲ. ಈಗ ನೆನಪಾಯಿತು, ಮಾದೇವಿ ಆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಫಿ ಚೆನ್ನಾಗಿದೆ ಎಂದಿದ್ದಳು. "ನಾನು ಹಾಗೆ ಕೊಡು ಅಂತ ಹೇಳಿರ್ಲಿಲ್ಲ ಮೇದಿನಿ. ದೇವರಾಣೆ ಹೇಳಿರ್ಲಿಲ್ಲ."

"ಗೊತ್ತಮ್ಮ. ಯಾರೂ ಹೇಳಿರ್ಲಿಲ್ಲ," ಎಂದಳು ಮೇದಿನಿ. "ಕಪ್ಪು ಹುಡುಕಿ ತಂದಿದ್ದು ನಾನೇ."